ಒಂದು ರಾತ್ರಿಯ ವಾಸಕ್ಕೆ ಚೈನ್ ಹೋಟೆಲ್ ಬೇಕೆ?

ನಮ್ಮ ಕಡೆ 'ಹೋಟೆಲ್' ಎಂದರೆ ಇಡ್ಲಿ, ದೋಸೆ, ಕಾಫಿ. ಮಲಗುವ ಜಾಗಕ್ಕೆ ನಾವು ಹೇಳುವುದು 'ಲಾಡ್ಜ್' ಎಂದು. ಬೆಂಗಳೂರಿಗೆ ಕೆಲಸದ ಮೇಲೆ ಹೋದ ಹಿರಿಯರು ಮೆಜೆಸ್ಟಿಕ್ಕಿನ ಸುತ್ತಮುತ್ತ ಯಾವುದಾದರೊಂದು ಲಾಡ್ಜಿನಲ್ಲಿ ಚೀಲ ಇಟ್ಟು, ಕೆಳಗಿನ ಹೋಟೆಲಿನಲ್ಲಿ ತಿಂದು, ಬೆಳಿಗ್ಗೆ ಎದ್ದು ಕಚೇರಿಗೆ ಓಡುತ್ತಿದ್ದರು. ಈಗ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಬೆರಳು ಆಡಿಸಿದರೆ ಬಿಳಿ ಹಾಸಿಗೆ, ಬಿಳಿ ದಿಂಬು, ಹೊಳೆಯುವ ಸ್ನಾನದ ಮನೆಯ ಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಒಂದೇ ಹೆಸರು, ಒಂದೇ ಬಣ್ಣದ ಬೋರ್ಡು, ಹತ್ತಾರು ಊರುಗಳಲ್ಲಿ ಶಾಖೆ. ಇವೇ ಚೈನ್ ಹೋಟೆಲುಗಳು. ಇವುಗಳಲ್ಲಿ ಉಳಿದುಕೊಳ್ಳುವುದು ಲಾಭವೋ ನಷ್ಟವೋ? ಇದನ್ನು ಈಗ ನಮ್ಮ ಹಳ್ಳಿಯ ತಂದೆತಾಯಿಗಳೂ ಯೋಚಿಸಬೇಕಾಗಿದೆ.

ಏಕೆಂದರೆ ಪ್ರಯಾಣ ನಮ್ಮ ಮಕ್ಕಳ ವಿದ್ಯಾಭ್ಯಾಸದ ಒಂದು ಭಾಗವೇ ಆಗಿಬಿಟ್ಟಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕೊರಟಗೆರೆಯವರಿಗೆ ತುಮಕೂರು ಹತ್ತಿರ. ಪಾವಗಡದವರಿಗೆ ತುಮಕೂರೇ ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ಇನ್ನೂ ಎಪ್ಪತ್ತು. ಜೆಇಇ ಮೇನ್ ಪರೀಕ್ಷೆಯ ಬೆಳಗಿನ ಪಾಳಿ 9 ಗಂಟೆಗೆ ಶುರುವಾಗುತ್ತದೆ. 2025ರ ನೀಟ್ ಮಧ್ಯಾಹ್ನ 2 ಗಂಟೆಗೆ ಇದ್ದರೂ ಗೇಟು ಮುಚ್ಚಿದ್ದು 1.30ಕ್ಕೇ. ಪಾವಗಡದ ಗಡಿಹಳ್ಳಿಯ ಹುಡುಗಿಗೆ ಬೆಂಗಳೂರಿನ ಕೇಂದ್ರ ಬಿದ್ದರೆ ಬೆಳಗಿನ ಮೊದಲ ಬಸ್ಸು ನಂಬಿ ಹೊರಡುವಂತಿಲ್ಲ. ಹಿಂದಿನ ರಾತ್ರಿಯೇ ಅಲ್ಲಿರಬೇಕು. ಫಲಿತಾಂಶ ಬಂದ ಮೇಲೆ ಕಾಲೇಜು ಸೇರಿಸುವ ಓಡಾಟ, ನಂತರ ಸಂದರ್ಶನ, ನಡುವೆ ಶಾಲೆಯ ಪ್ರವಾಸ. "ಮೇಷ್ಟ್ರೇ, ಮಗಳಿಗೆ ಬೆಂಗ್ಳೂರಲ್ಲಿ ಪರೀಕ್ಷೆ ಐತೆ. ಹಿಂದಿನ್ ದಿನ ಎಲ್ಲಿ ಉಳ್ಕೊಳ್ಳಾದು?" ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ.

ಛತ್ರದಿಂದ ಚೈನ್‌ವರೆಗೆ

ದಾರಿಹೋಕರಿಗೆ ತಂಗಲು ಜಾಗ ಕಟ್ಟಿಸುವುದು ನಮ್ಮಲ್ಲಿ ಹಳೆಯ ಧರ್ಮ. ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನ ಬರೆಸಿದ ಅಶೋಕನೇ, ದೆಹಲಿಯಲ್ಲಿ ಈಗಿರುವ ತನ್ನ ಏಳನೆಯ ಸ್ತಂಭಶಾಸನದಲ್ಲಿ, ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ತಂಗುದಾಣ ಕಟ್ಟಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಆಮೇಲೆ ಛತ್ರಗಳು ಬಂದವು, ಸರಾಯಿಗಳು ಬಂದವು, ಬ್ರಿಟಿಷರ ಕಾಲದಲ್ಲಿ ಮುಸಾಫಿರಖಾನೆ ಮತ್ತು ಪ್ರವಾಸಿ ಮಂದಿರಗಳು ಬಂದವು. ಇವುಗಳಲ್ಲಿ ದುಡ್ಡಿಗಿಂತ ದಾಕ್ಷಿಣ್ಯ, ಪರಿಚಯ ಹೆಚ್ಚು ಕೆಲಸ ಮಾಡುತ್ತಿತ್ತು.

ಒಂದೇ ಅಚ್ಚಿನ ಕೊಠಡಿಗಳನ್ನು ಊರೂರಿನಲ್ಲಿ ಕಟ್ಟುವ ಯೋಚನೆ ಬಲವಾಗಿ ಬೆಳೆದದ್ದು ಅಮೆರಿಕದಲ್ಲಿ. ಎಲ್ಸ್‌ವರ್ತ್ ಸ್ಟಾಟ್ಲರ್ ಎಂಬಾತ 1908ರಲ್ಲಿ ಬಫಲೊ ನಗರದಲ್ಲಿ ಒಂದು ಹೋಟೆಲ್ ತೆರೆದು, ಒಂದೂವರೆ ಡಾಲರಿಗೆ ಸ್ನಾನದ ಮನೆ ಸಹಿತ ಕೊಠಡಿ ಎಂದು ಜಾಹೀರಾತು ಕೊಟ್ಟ. ಅಷ್ಟು ಅಗ್ಗಕ್ಕೆ ಹೇಗೆ ಸಾಧ್ಯವಾಯಿತು? ಅಕ್ಕಪಕ್ಕದ ಎರಡು ಕೊಠಡಿಗಳ ಸ್ನಾನದ ಮನೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿ, ಎರಡಕ್ಕೂ ಸೇರಿ ಒಂದೇ ಕೊಳವೆ ಸಾಲು ಇಳಿಬಿಟ್ಟಿದ್ದ. ಇಂದಿಗೂ ಬಹುತೇಕ ಹೋಟೆಲುಗಳ ನಕ್ಷೆ ಹೀಗೇ ಇರುತ್ತದೆ. ಮುಂದೆ ಅವನ ಹೆಸರಿನ ಹೋಟೆಲುಗಳು ಬೇರೆ ನಗರಗಳಲ್ಲೂ ಎದ್ದವು.

ತಂದೆತಾಯಿಗಳಿಗೆ ಇನ್ನೂ ಹತ್ತಿರವಾಗುವ ಕಥೆ ಕೆಮನ್ಸ್ ವಿಲ್ಸನ್‌ನದು. 1951ರಲ್ಲಿ ಆತ ಹೆಂಡತಿ ಮತ್ತು ಐವರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೆಂಫಿಸ್‌ನಿಂದ ವಾಷಿಂಗ್ಟನ್ನಿಗೆ ಹೊರಟ. ದಾರಿಯ ವಸತಿಗೃಹಗಳು ಕೊಠಡಿಯ ಬಾಡಿಗೆಯ ಮೇಲೆ ಪ್ರತಿ ಮಗುವಿಗೂ ಎರಡೆರಡು ಡಾಲರ್ ಹೆಚ್ಚುವರಿ ವಸೂಲಿ ಮಾಡಿದವು. ಐದು ಮಕ್ಕಳಿಗೆ ಹತ್ತು ಡಾಲರ್! ಕೊಠಡಿಯ ಬಾಡಿಗೆಯೇ ಅಷ್ಟಿರಲಿಲ್ಲ. ಸಿಟ್ಟಿಗೆದ್ದ ವಿಲ್ಸನ್ 1952ರಲ್ಲಿ ಮೆಂಫಿಸ್‌ನಲ್ಲಿ ಮೊದಲ 'ಹಾಲಿಡೇ ಇನ್' ತೆರೆದ. ತಂದೆತಾಯಿಯ ಜತೆ ಅದೇ ಕೊಠಡಿಯಲ್ಲಿ ಮಲಗುವ ಮಕ್ಕಳಿಗೆ ದುಡ್ಡಿಲ್ಲ ಎಂಬುದು ಅವನ ನಿಯಮ. ಪ್ರಪಂಚದ ದೊಡ್ಡ ಹೋಟೆಲ್ ಸರಣಿಯೊಂದು ಹುಟ್ಟಿದ್ದು ಹೀಗೆ, ಒಬ್ಬ ತಂದೆಯ ಬಿಲ್ಲಿನ ಬೇಸರದಿಂದ.

ನಮ್ಮ ದೇಶದಲ್ಲಿ ಟಾಟಾ ಅವರ ತಾಜ್ 1903ರಲ್ಲಿ ಮುಂಬಯಿಯಲ್ಲಿ ಬಾಗಿಲು ತೆರೆಯಿತು. ಕೇಂದ್ರ ಸರ್ಕಾರದ ಐಟಿಡಿಸಿ 1966ರಲ್ಲಿ, ನಮ್ಮ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ ಸ್ಥಾಪನೆಯಾದವು. ಮಧ್ಯಮ ವರ್ಗಕ್ಕೆಂದು ತಾಜ್ ಸಮೂಹ ಹೂಡಿದ ಅಗ್ಗದ ಸರಣಿಯ ಮೊದಲ ಹೋಟೆಲ್ 2004ರಲ್ಲಿ ಶುರುವಾದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಅದೇ ಮುಂದೆ 'ಜಿಂಜರ್' ಎಂಬ ಹೆಸರು ಪಡೆಯಿತು. 2013ರಲ್ಲಿ ಬಂದ 'ಓಯೋ' ಹೊಸ ಕಟ್ಟಡ ಕಟ್ಟುವ ಬದಲು ಆಗಲೇ ಇದ್ದ ಸಣ್ಣ ಲಾಡ್ಜುಗಳಿಗೆ ತನ್ನ ಬೋರ್ಡು ಹಾಕುವ ದಾರಿ ಹಿಡಿಯಿತು.

ಒಂದೇ ಅಚ್ಚಿನ ಲಾಭ

ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಒಂದು ಮಾತು ಹೇಳುತ್ತೇವೆ. ಪ್ರಯೋಗವನ್ನು ಮಧುಗಿರಿಯಲ್ಲಿ ಮಾಡಿದರೂ ಮೈಸೂರಿನಲ್ಲಿ ಮಾಡಿದರೂ ಫಲಿತಾಂಶ ಒಂದೇ ಬರಬೇಕು, ಬಂದರೆ ನಂಬಬಹುದು. ಚೈನ್ ಹೋಟೆಲು ಮಾರುವ ಸರಕು ಇದೇ. ಹಾಸಿಗೆ, ಫ್ಯಾನು, ನೀರು ಎಲ್ಲ ಲಾಡ್ಜಿನಲ್ಲೂ ಇರುತ್ತವೆ. ಆದರೆ ಹೋಗುವ ಮೊದಲೇ ಅವು ಹೇಗಿರುತ್ತವೆಂದು ತಿಳಿದಿರುವುದು ಇಲ್ಲಿನ ವಿಶೇಷ. ನಾವು ನಿಜವಾಗಿ ದುಡ್ಡು ಕೊಡುವುದು ಆ ಖಾತ್ರಿಗೆ.

ಈ ಖಾತ್ರಿಯಿಂದ ಆಗುವ ಪ್ರಯೋಜನಗಳು ಸಣ್ಣವಲ್ಲ. ಬಾಡಿಗೆ ಎಷ್ಟೆಂದು ಮನೆಯಲ್ಲೇ ತಿಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಚೀಲ ಹೊತ್ತು ಬಾಗಿಲಲ್ಲಿ ನಿಂತು ಚೌಕಾಸಿ ಮಾಡಬೇಕಾಗಿಲ್ಲ. ಕೈಗೆ ಬಿಲ್ ಸಿಗುತ್ತದೆ. ರಿಸೆಪ್ಷನ್‌ನಲ್ಲಿ ರಾತ್ರಿಯಿಡೀ ಒಬ್ಬರು ಎಚ್ಚರವಿರುತ್ತಾರೆ. ಮಗಳನ್ನು ಕರೆದುಕೊಂಡು ಒಬ್ಬಳೇ ಹೊರಟ ತಾಯಿಗೆ ಇದು ದೊಡ್ಡ ಧೈರ್ಯ. ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾಗಿದೆಯೆ, ಕಾರಿಡಾರಿನಲ್ಲಿ ಬೆಳಕಿದೆಯೆ, ಕ್ಯಾಮೆರಾ ಇದೆಯೆ ಎಂಬ ಪ್ರಶ್ನೆಗಳಿಗೆ ಒಳ್ಳೆಯ ಸರಣಿಗಳಲ್ಲಿ ಸಾಮಾನ್ಯವಾಗಿ ಸಮಾಧಾನದ ಉತ್ತರವೇ ಸಿಗುತ್ತದೆ. ಏನಾದರೂ ಎಡವಟ್ಟಾದರೆ ಮ್ಯಾನೇಜರ್ ಮೇಲೆ ಒಂದು ಕಂಪನಿ ಇದೆ, ದೂರು ಕೊಡಲು ಒಂದು ವಿಳಾಸ ಇದೆ.

ಸ್ನಾನದ ಮನೆಯ ವಿಷಯಕ್ಕೆ ಬರೋಣ. ಸಣ್ಣ ಲಾಡ್ಜು ಮತ್ತು ಹೋಂಸ್ಟೇಗಳಲ್ಲಿ ಕೆಲವು ಕಡೆ ಗ್ಯಾಸ್ ಗೀಸರನ್ನು ಬಚ್ಚಲಿನೊಳಗೇ ಕೂರಿಸಿರುತ್ತಾರೆ. ಗಾಳಿಯಾಡದ ಕೋಣೆಯಲ್ಲಿ ಅನಿಲ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿದ ಸುದ್ದಿಗಳನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ದೊಡ್ಡ ಹೋಟೆಲುಗಳಲ್ಲಿ ಬಿಸಿನೀರು ಸಾಮಾನ್ಯವಾಗಿ ವಿದ್ಯುತ್ ಗೀಸರಿನಿಂದಲೋ ಹೊರಗಿನ ಬಾಯ್ಲರಿನಿಂದಲೋ ಬರುವುದರಿಂದ ಈ ಅಪಾಯ ಕಡಿಮೆ. ಎಲ್ಲಿ ಉಳಿದರೂ ಸರಿ, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಕಂಡರೆ ಮಕ್ಕಳನ್ನು ಒಳಗೆ ಕಳಿಸಬೇಡಿ. ಒಂದು ಬಕೆಟ್ ಬಿಸಿನೀರು ತರಿಸಿಕೊಳ್ಳಿ.

ಕುಡಿಯುವ ನೀರನ್ನು ವಿಚಾರಿಸುವುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಫ್ಲೋರೈಡ್ ತುಂಬಿದ ಕೊಳವೆಬಾವಿಗಳ ಸೀಮೆಯಲ್ಲಿ ಬೆಳೆದವರು ನಾವು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತು ಗೊತ್ತು. ಬಾಡಿಗೆಯೊಂದಿಗೆ ಎಷ್ಟು ಬಾಟಲಿ ನೀರು ಕೊಡುತ್ತಾರೆಂದು ಕೇಳಿಕೊಂಡರೆ ಸಾಕು.

ಹೊಸ ಜಾಗ, ಅರೆನಿದ್ದೆ

ಪರೀಕ್ಷೆಯ ಹಿಂದಿನ ರಾತ್ರಿ ಮಗು ಚೆನ್ನಾಗಿ ನಿದ್ದೆ ಮಾಡಲಿ ಎಂದೇ ಅನೇಕ ತಂದೆತಾಯಿಗಳು ಸಾಲ ಮಾಡಿಯಾದರೂ ಒಳ್ಳೆಯ ಹೋಟೆಲು ಹಿಡಿಯುತ್ತಾರೆ. ಇಲ್ಲಿ ವಿಜ್ಞಾನ ಹೇಳುವುದನ್ನು ಕೇಳಬೇಕು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂಬುದು ಎಲ್ಲರ ಅನುಭವ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಕಾರಣ ಹುಡುಕಿದರು. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಎಡ ಅರ್ಧಗೋಳದ ಒಂದು ಜಾಲ ಬಲ ಅರ್ಧಗೋಳದಷ್ಟು ಗಾಢವಾಗಿ ಮಲಗುವುದಿಲ್ಲ. ಕಾವಲುಗಾರನಂತೆ ಸದ್ದಿಗೆ ಕಿವಿಗೊಟ್ಟಿರುತ್ತದೆ ಎಂದು ಅವರು ಕಂಡರು. ಡಾಲ್ಫಿನ್‌ಗಳು, ಕೆಲವು ಹಕ್ಕಿಗಳು ಅರ್ಧ ಮಿದುಳಿನಿಂದ ನಿದ್ರಿಸುವುದನ್ನು ನೀವು ಓದಿರಬಹುದು. ಮನುಷ್ಯನಲ್ಲೂ ಅದರ ಒಂದು ಸಣ್ಣ ನೆರಳು ಉಳಿದಿದೆ ಎನ್ನಬಹುದು.

ಇದರಿಂದ ಎರಡು ಪಾಠ. ಊರೂರು ಸುತ್ತುವ ಅಧಿಕಾರಿಗೆ ಚೈನ್ ಹೋಟೆಲಿನ ಕೊಠಡಿ ಒಗ್ಗಿಹೋಗಿರುತ್ತದೆ. ಎಲ್ಲಿ ಹೋದರೂ ಅದೇ ಗೋಡೆ, ಅದೇ ದೀಪ. ಆದರೆ ಜೀವನದಲ್ಲಿ ಮೊದಲ ಬಾರಿ ಅಲ್ಲಿ ಕಾಲಿಡುವ ನಮ್ಮ ಮಿಡಿಗೇಶಿಯ ಹುಡುಗನಿಗೆ ಅದು ಲಾಡ್ಜಿನಷ್ಟೇ ಹೊಸದು, ಬಹುಶಃ ಇನ್ನೂ ಹೊಸದು. ಆದ್ದರಿಂದ ದುಬಾರಿ ಹಾಸಿಗೆ ತಾನಾಗಿ ನಿದ್ದೆ ತರುವುದಿಲ್ಲ. ಮನೆಯ ದಿಂಬನ್ನೋ ಹೊದಿಕೆಯನ್ನೋ ಜತೆಗೆ ಒಯ್ಯುವುದು, ಹಗಲಿರುವಾಗಲೇ ತಲುಪಿ ಸುತ್ತಮುತ್ತ ಓಡಾಡಿ ಜಾಗವನ್ನು ಪರಿಚಯ ಮಾಡಿಕೊಳ್ಳುವುದು, ರಸ್ತೆಯ ಕಡೆಯಲ್ಲದ ಕೊಠಡಿ ಕೇಳಿ ಪಡೆಯುವುದು, ಇವು ದುಡ್ಡಿಲ್ಲದೆ ಆಗುವ ಕೆಲಸಗಳು. ಎರಡನೆಯ ಪಾಠ: ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ಮಗುವೂ ನೀವೂ ಗಾಬರಿಯಾಗಬೇಕಿಲ್ಲ. ಅದು ಕಾಯಿಲೆಯಲ್ಲ, ದೇಹದ ಹಳೆಯ ಜಾಣತನ. ನೆಂಟರ ಮನೆ ಪರಿಚಿತವಾಗಿದ್ದು ಪರೀಕ್ಷಾ ಕೇಂದ್ರಕ್ಕೆ ಹತ್ತಿರವಾಗಿದ್ದರೆ ಅದಕ್ಕಿಂತ ಒಳ್ಳೆಯ ಹೋಟೆಲಿಲ್ಲ.

ಇನ್ನೊಂದು ಸಂಕೋಚದ ವಿಷಯ. ಬೀಗದ ಕೈ ಬದಲು ಕಾರ್ಡು ಕೊಡುತ್ತಾರೆ. ಅದನ್ನು ಬಾಗಿಲ ಪಕ್ಕದ ಗೂಡಿಗೆ ಸಿಕ್ಕಿಸದಿದ್ದರೆ ಒಳಗೆ ದೀಪ ಹತ್ತುವುದಿಲ್ಲ. ನಲ್ಲಿಯ ಒಂದೇ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಬಿಸಿ, ಇನ್ನೊಂದು ಕಡೆ ತಣ್ಣೀರು. ಹೊಸ ಏಸಿಗಳು 2020ರ ಜನವರಿಯಿಂದ 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಹುರುಪಿನಲ್ಲಿ 18ಕ್ಕೆ ಇಳಿಸಿ ಮಲಗಿದ ಹುಡುಗ ಬೆಳಿಗ್ಗೆ ಮೂಗು ಸುರಿಸುತ್ತ ಪರೀಕ್ಷೆಗೆ ಹೋಗುತ್ತಾನೆ. ಗೊತ್ತಿಲ್ಲದ್ದನ್ನು ಕೌಂಟರಿನಲ್ಲಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ತಂದೆ ಕೇಳಿದರೆ ಮಗನೂ ಕೇಳುವುದನ್ನು ಕಲಿಯುತ್ತಾನೆ.

ಅನಾನುಕೂಲಗಳ ಲೆಕ್ಕ

ಈಗ ನಾಣ್ಯದ ಇನ್ನೊಂದು ಮುಖ. ಮೊದಲನೆಯದು ಖರ್ಚು. ಲೆಕ್ಕಕ್ಕೆಂದು ಒಂದು ಕೊಠಡಿಯ ಬಾಡಿಗೆ 3,000 ರೂಪಾಯಿ ಎಂದು ಹಿಡಿಯೋಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಅಂದರೆ ನಮ್ಮ ಕೊಠಡಿಗೆ 150 ರೂಪಾಯಿ ಸೇರಿ 3,150. ರಾತ್ರಿ ಒಂಬತ್ತಕ್ಕೆ ಬಂದು ಬೆಳಿಗ್ಗೆ ಐದಕ್ಕೆ ಹೊರಟರೆ ಬಳಸಿದ್ದು ಎಂಟು ಗಂಟೆ. ಗಂಟೆಗೆ ಹೆಚ್ಚುಕಡಿಮೆ 394 ರೂಪಾಯಿ! ಅದರಲ್ಲಿ ಏಳು ಗಂಟೆ ಕಣ್ಣು ಮುಚ್ಚಿಯೇ ಇರುತ್ತೇವೆ. ಬೆಳಗಿನ ತಿಂಡಿ ಬಾಡಿಗೆಯಲ್ಲಿ ಸೇರಿದೆ ಎನ್ನುತ್ತಾರೆ. ಆದರೆ ಅದು ಏಳೂವರೆಗೆ ಶುರುವಾದರೆ ಐದಕ್ಕೆ ಹೊರಡುವವನಿಗೆ ಏನು ಪ್ರಯೋಜನ?

ಎರಡನೆಯದು ಗಡಿಯಾರ. ಲಾಡ್ಜುಗಳಲ್ಲಿ ಅನೇಕ ಕಡೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಸರಣಿ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12 ಅಥವಾ 2ಕ್ಕೆ ಪ್ರವೇಶ, ಮಾರನೆಯ ದಿನ 11 ಅಥವಾ 12ಕ್ಕೆ ಖಾಲಿ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿದರೆ ಇನ್ನೊಂದು ದಿನದ ದುಡ್ಡು ಕೇಳಬಹುದು. ಮುಖ ತೊಳೆದು ಬಟ್ಟೆ ಬದಲಿಸುವುದಷ್ಟೇ ನಿಮ್ಮ ಕೆಲಸವಾದರೆ ಬಸ್ ನಿಲ್ದಾಣದ ಹತ್ತಿರದ ಲಾಡ್ಜೇ ಸಾಕು.

ಮೂರನೆಯದು ಜಾಗ. ಅಗ್ಗದ ಸರಣಿ ಹೋಟೆಲು ಐಟಿ ಕಂಪನಿಗಳ ಕಡೆಗೋ ವಿಮಾನ ನಿಲ್ದಾಣದ ರಸ್ತೆಗೋ ಇದ್ದರೆ, ತುಮಕೂರು ರಸ್ತೆಯಿಂದ ಬರುವ ನಮ್ಮವರು ಇಡೀ ಬೆಂಗಳೂರು ದಾಟಬೇಕು. ಅಲ್ಲಿ ಉಳಿಸಿದ ದುಡ್ಡು ಆಟೋಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ನಮಗೆ ಒಂದು ಅನುಕೂಲವಾಗಿದೆ: ತುಮಕೂರು ರಸ್ತೆಯಲ್ಲೇ ಇಳಿದು ರೈಲು ಹಿಡಿಯಬಹುದು. ಆದ್ದರಿಂದ ಹೋಟೆಲಿನ ಹೆಸರು ನೋಡುವ ಮೊದಲು ಅದು ಮೆಟ್ರೊ ನಿಲ್ದಾಣಕ್ಕೆ ಎಷ್ಟು ದೂರ, ಪರೀಕ್ಷಾ ಕೇಂದ್ರಕ್ಕೆ ಎಷ್ಟು ದೂರ ಎಂದು ನೋಡಿ.

ನಾಲ್ಕನೆಯದು ಊಟ. ಹೊರಗಿನ ಊಟ ಒಳಗೆ ತರಬಾರದೆಂಬ ನಿಯಮ ಕೆಲವು ಕಡೆ ಇರುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡು ಬೆಳೆದ ಮಗುವಿಗೆ ಪರೀಕ್ಷೆಯ ಹಿಂದಿನ ರಾತ್ರಿ ಬೆಣ್ಣೆ ಹಾಕಿದ ಮಸಾಲೆ ತಿನ್ನಿಸುವುದು ಜಾಣತನವಲ್ಲ. ಕೊಠಡಿಯಲ್ಲಿ ಇಟ್ಟಿರುವ ಬಿಸ್ಕತ್ತು, ಚಿಪ್ಸ್ ಉಚಿತವೆಂದು ಮಕ್ಕಳು ಒಡೆದರೆ ಬಿಲ್ಲಿನಲ್ಲಿ ಬರಬಹುದು. ಬಾಟಲಿ ನೀರನ್ನು ಮೇಲೆ ಮುದ್ರಿಸಿದ ಬೆಲೆಗೇ ಕೊಡಬೇಕೆಂದು ವಾದಿಸಿಯೂ ಪ್ರಯೋಜನವಿಲ್ಲ. ಹೋಟೆಲು, ರೆಸ್ಟೋರೆಂಟುಗಳು ಹೆಚ್ಚು ಬೆಲೆ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಎಂದು ತಾನಾಗಿ ಸೇರಿಸುವುದು ಸಲ್ಲದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಸೂಚಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಕಂಡರೆ ತೆಗೆಯಿರೆಂದು ಮರ್ಯಾದೆಯಿಂದ ಕೇಳಬಹುದು.

ಐದನೆಯದನ್ನು ದುಡ್ಡಿನಲ್ಲಿ ಅಳೆಯಲಾಗದು. ಸರಣಿ ಹೋಟೆಲಿನ ಕೊಠಡಿಯಲ್ಲಿ ಕಣ್ಣು ಬಿಟ್ಟರೆ ಯಾವ ಊರಿನಲ್ಲಿದ್ದೇವೆಂದೇ ತಿಳಿಯುವುದಿಲ್ಲ. ಊರ ಲಾಡ್ಜಿನ ಯಜಮಾನರು ಮೊದಲ ಬಸ್ಸು ಎಷ್ಟಕ್ಕೆ, ಎಲ್ಲಿ ಒಳ್ಳೆಯ ತಟ್ಟೆ ಇಡ್ಲಿ, ಆ ಕಾಲೇಜಿಗೆ ಯಾವ ಗೇಟಿನಿಂದ ಹೋಗಬೇಕು ಎಂದೆಲ್ಲ ಹೇಳುತ್ತಾರೆ. ಅಲ್ಲಿ ಕೊಟ್ಟ ದುಡ್ಡು ಅದೇ ಊರಿನ ಅಂಗಡಿಯಲ್ಲಿ ತಿರುಗುತ್ತದೆ. ನಮ್ಮ ಕಡೆಯೇ ನೋಡಿ. ಪಾವಗಡದ ಶನಿಮಹಾತ್ಮನ ಗುಡಿಗೆ, ಗೊರವನಹಳ್ಳಿಯ ಮಹಾಲಕ್ಷ್ಮಿಗೆ, ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು, ಶಿರಾದ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ನೋಡಲು ಬರುವವರು ಊರಿನ ಲಾಡ್ಜು, ಊರಿನ ಹೋಟೆಲನ್ನೇ ನೆಚ್ಚುತ್ತಾರೆ. ಅವರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ.

ಬೋರ್ಡು ನೋಡಿ ಮರುಳಾಗದಿರಿ

ಚೈನ್ ಹೋಟೆಲಿನ ಹೆಸರು ಒಬ್ಬರದು, ಕಟ್ಟಡ ಇನ್ನೊಬ್ಬರದು ಆಗಿರುವುದೇ ಹೆಚ್ಚು. ಕೆಲವನ್ನು ಕಂಪನಿಯೇ ನಡೆಸುತ್ತದೆ. ಕೆಲವನ್ನು ಸ್ಥಳೀಯ ಮಾಲೀಕರು ಹೆಸರಿಗೆ ಶುಲ್ಕ ಕೊಟ್ಟು ತಾವೇ ನಡೆಸುತ್ತಾರೆ. ಇದನ್ನೇ ಫ್ರಾಂಚೈಸಿ ಎನ್ನುವುದು. ಆದ್ದರಿಂದ ಒಂದೇ ಬೋರ್ಡಿನ ಎರಡು ಶಾಖೆಗಳಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಇರಬಹುದು. ಆಯಾ ಶಾಖೆಯ ಇತ್ತೀಚಿನ ಅಭಿಪ್ರಾಯಗಳನ್ನು ಓದಬೇಕು. ಆ್ಯಪ್‌ಗಳಲ್ಲಿ ಕಾಣುವ ನಕ್ಷತ್ರಗಳು ಗ್ರಾಹಕರು ಕೊಟ್ಟ ಅಂಕಗಳು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಪರಿಶೀಲಿಸಿ ಕೊಡುವ ಸ್ಟಾರ್ ದರ್ಜೆಯೇ ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಹೆಸರು ದೊಡ್ಡದಾದರೆ ಸುರಕ್ಷತೆಯೂ ದೊಡ್ಡದು ಎಂಬ ನಿಯಮವಿಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೆಸರಾಂತ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಮನೆಗೆ ಹೋದವರು ವಿಚಿತ್ರ ನ್ಯುಮೋನಿಯಾದಿಂದ ಬಿದ್ದರು. 34 ಮಂದಿ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದ ಸುದ್ದಿ ಹೊರಬಿದ್ದದ್ದು 1977ರ ಜನವರಿಯಲ್ಲಿ. ಹವಾನಿಯಂತ್ರಣ ವ್ಯವಸ್ಥೆಯ ನೀರಿನಿಂದ ಅದು ಹರಡಿತೆಂದು ಭಾವಿಸಲಾಗಿದೆ. ಆ ರೋಗಕ್ಕೆ ಸೈನಿಕರ ಸಂಘದ ಹೆಸರೇ ಉಳಿಯಿತು: ಲೀಜನೇರ್ಸ್ ರೋಗ. ನಮ್ಮ ದೆಹಲಿಯ ಕರೋಲ್ ಬಾಗಿನಲ್ಲಿ 2019ರ ಫೆಬ್ರುವರಿ 12ರ ನಸುಕಿನಲ್ಲಿ ಒಂದು ಹೋಟೆಲಿಗೆ ಬೆಂಕಿ ಬಿದ್ದು 17 ಮಂದಿ ಪ್ರಾಣ ಬಿಟ್ಟರು. ಎಲ್ಲಿ ಉಳಿದರೂ ಕೊಠಡಿಗೆ ಹೋದ ತಕ್ಷಣ ಮಾಡಬೇಕಾದ ಕೆಲಸವೊಂದಿದೆ. ಮಗುವಿನ ಕೈ ಹಿಡಿದು ಮೆಟ್ಟಿಲವರೆಗೆ ನಡೆದು, ನಡುವೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣದಾಗ ಆ ಲೆಕ್ಕ ಕೈ ಹಿಡಿಯುತ್ತದೆ. ಬೆಂಕಿಯ ವೇಳೆ ಲಿಫ್ಟ್ ಹತ್ತಬಾರದು.

ಶಾಲೆಯ ಪ್ರವಾಸಕ್ಕೆ ಯಾವುದು?

ಕುಟುಂಬದ ಲೆಕ್ಕ ಬೇರೆ, ಶಾಲೆಯ ಗುಂಪಿನ ಲೆಕ್ಕ ಬೇರೆ. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಬಸ್ಸು ಮಾಡಿಕೊಂಡು ಹಂಪಿಗೆ ಹೋಗುವುದು ನಮ್ಮ ಶಾಲೆಗಳ ವಾಡಿಕೆಯ ಪ್ರವಾಸ. 44 ಮಕ್ಕಳಿದ್ದರೆ ಇಬ್ಬರಿಗೊಂದರಂತೆ 22 ಕೊಠಡಿ. ಅವು ಮೂರು ಮಹಡಿಗಳಲ್ಲಿ ಹಂಚಿಹೋದರೆ ನಾಲ್ವರು ಶಿಕ್ಷಕರು ರಾತ್ರಿ ಹೇಗೆ ಕಾಯುವುದು? ಒಮ್ಮೆ ಒಂದು ಊರಿನಲ್ಲಿ ನಮ್ಮ ಮಕ್ಕಳು ಕೊಠಡಿಯಿಂದ ಕೊಠಡಿಗೆ ಫೋನು ಮಾಡಿ ಆಡುತ್ತ ಬೆಳಗು ಮಾಡಿದರು. ಮಾರನೆಯ ದಿನ ವಿಜಯ ವಿಠ್ಠಲನ ಕಲ್ಲಿನ ರಥದ ಮುಂದೆ ಅರ್ಧ ತರಗತಿ ತೂಕಡಿಸುತ್ತಿತ್ತು. ಸಾಲು ಹಾಸಿಗೆಯ ದೊಡ್ಡ ಕೋಣೆ, ಧರ್ಮಸ್ಥಳದಂಥ ಕ್ಷೇತ್ರಗಳ ವಸತಿಗೃಹ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಹಜಾರವಿರುವ ಕಲ್ಯಾಣ ಮಂಟಪ, ಇವುಗಳಲ್ಲಿ ಎಲ್ಲರೂ ಕಣ್ಣೆದುರಿಗಿರುತ್ತಾರೆ, ಖರ್ಚೂ ಕಡಿಮೆ. ಶೌಚಾಲಯ ಎಷ್ಟಿವೆ, ನೀರು ಬೆಳಿಗ್ಗೆ ಐದಕ್ಕೆ ಬರುತ್ತದೆಯೆ ಎಂದು ಮಾತ್ರ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

ಸಣ್ಣ ಗುಂಪಿಗೆ, ಕುಟುಂಬಕ್ಕೆ ನಮ್ಮದೇ ರಾಜ್ಯದ ಸರಣಿಯೊಂದಿದೆ: ಪ್ರವಾಸೋದ್ಯಮ ನಿಗಮದ 'ಮಯೂರ' ಹೋಟೆಲುಗಳು. ಇವುಗಳ ಹೆಸರುಗಳೇ ಒಂದು ಇತಿಹಾಸ ಪಾಠ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್ ಶಾಹಿ, ಹಂಪಿಯ ಪಕ್ಕದ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬೇಲೂರಿನಲ್ಲಿ ಊರಿನ ಹಳೆಯ ಹೆಸರಾದ ವೇಲಾಪುರಿ. ಸರಣಿಯಾದರೂ ಊರಿನ ಗುರುತು ಅಳಿಸಿಲ್ಲ. ಹೊಸಪೇಟೆಯಲ್ಲಿ ಉಳಿದರೆ ಹಂಪಿಗೆ ಹದಿಮೂರು ಕಿಲೋಮೀಟರ್. ಕಮಲಾಪುರದಲ್ಲಿ ಉಳಿದರೆ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಸ್ಮಾರಕಗಳೂ ಹತ್ತಿರ, ಬೆಳಗಿನ ತಂಪಿನಲ್ಲೇ ನೋಡಲು ಹೊರಡಬಹುದು. ಆದರೆ ಇಲ್ಲಿಯೂ ಅದೇ ಎಚ್ಚರಿಕೆ: ಪ್ರತಿ ಊರಿನ ಕಟ್ಟಡದ ವಯಸ್ಸು, ಸ್ಥಿತಿ ಬೇರೆ. ಹೋಗಬೇಕಾದ ಘಟಕ ತೆರೆದಿದೆಯೆ, ದುರಸ್ತಿಯಲ್ಲಿದೆಯೆ ಎಂದು ಫೋನು ಮಾಡಿ ತಿಳಿದೇ ಹೊರಡಿ.

ನಾಳೆ ಬೆಳಿಗ್ಗೆ ಏನು ಕೆಲಸ?

ಹಾಗಾದರೆ ಯಾವುದನ್ನು ಆರಿಸಬೇಕು? ತಂದೆತಾಯಿಗಳು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ನಾಳೆ ಬೆಳಿಗ್ಗೆ ಏನು ಕೆಲಸ? ತಪ್ಪಿದರೆ ವರ್ಷವೇ ಹೋಗುವಂಥ ಪರೀಕ್ಷೆ, ಅಪರಿಚಿತ ನಗರ, ಜತೆಗೆ ಒಬ್ಬಳೇ ತಾಯಿ, ಹತ್ತಿರದಲ್ಲಿ ನೆಂಟರಿಲ್ಲ. ಆಗ ಖಾತ್ರಿಗೆ ಬೆಲೆಯಿದೆ. ಸಾವಿರ ರೂಪಾಯಿ ಹೆಚ್ಚಾದರೂ ಪರೀಕ್ಷಾ ಕೇಂದ್ರಕ್ಕೆ ಹತ್ತಿರದ ಚೈನ್ ಹೋಟೆಲು ಹಿಡಿಯುವುದು ದುಂದಲ್ಲ. ನಾಳೆಯ ಕೆಲಸ ಊರು ನೋಡುವುದಾದರೆ, ತಡವಾದರೂ ನಡೆಯುವಂಥದ್ದಾದರೆ, ಊರ ಲಾಡ್ಜು, ಛತ್ರ, ನೆಂಟರ ಮನೆಗಳೇ ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಎಂಟು ಗಂಟೆಯ ಹಾಸಿಗೆಗಾಗಿ ಕಾಲೇಜಿನ ಶುಲ್ಕಕ್ಕೆ ಕೂಡಿಟ್ಟ ದುಡ್ಡಿಗೆ ಕೈ ಹಾಕಬಾರದು. ಮಕ್ಕಳೂ ಅಷ್ಟೇ, ಗೆಳೆಯ ಯಾವ ಹೋಟೆಲಿನಲ್ಲಿ ಉಳಿದ ಎಂದು ಅಪ್ಪನನ್ನು ಪೀಡಿಸಬಾರದು. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ.

ಮುಂಗಡ ಕೊಡುವ ಮುನ್ನ

• ತೆರಿಗೆ ಸೇರಿ ಒಟ್ಟು ಎಷ್ಟು? ಮೂರನೆಯವರಿಗೆ, ಮಕ್ಕಳಿಗೆ ಹೆಚ್ಚುವರಿ ಎಷ್ಟು?

• ಪ್ರವೇಶ, ನಿರ್ಗಮನದ ಸಮಯ ಯಾವುದು? ಬೇಗ ಬಂದರೆ ಚೀಲ ಇಡಲು ಜಾಗ ಕೊಡುತ್ತಾರೆಯೆ?

• ಪರೀಕ್ಷೆ ಮುಂದೂಡಿದರೆ ಮುಂಗಡ ವಾಪಸು ಬರುತ್ತದೆಯೆ? ಯಾವ ದಿನದೊಳಗೆ ರದ್ದು ಮಾಡಬೇಕು?

• ಬೆಳಿಗ್ಗೆ ಬೇಗ ಹೊರಡುವವರಿಗೆ ತಿಂಡಿ ಕಟ್ಟಿಕೊಡುತ್ತಾರೆಯೆ?

• ಗುರುತಿನ ಚೀಟಿ ಯಾರ್ಯಾರದು ಬೇಕು? ಹದಿನೆಂಟು ತುಂಬದ ಮಕ್ಕಳನ್ನು ಒಂಟಿಯಾಗಿ ಸೇರಿಸಿಕೊಳ್ಳುತ್ತಾರೆಂದು ನಂಬಿ ಕಳಿಸಬೇಡಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದು.

• ಹೇಳಿದ ಕೊಠಡಿ ಕೊಡದಿದ್ದರೆ, ದುಡ್ಡು ಹಿಂದಿರುಗಿಸದಿದ್ದರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಪಾವಗಡದವರು ತುಮಕೂರಿನಲ್ಲೇ ಕೇಳಬಹುದು. ಅದಕ್ಕೇ ಬಿಲ್ಲನ್ನು ಮನೆಗೆ ಬರುವವರೆಗೆ ಜೋಪಾನವಾಗಿಡಿ.